ಮೆಲ್ಬರ್ನಿನ ಹತ್ತು ಗಂಟೆ

ಅಣ್ಣನ ದಹನ ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಎಂದು ಅತ್ತಿಗೆ ಭಾನುಮತಿ ಫೋನ್ ಮಾಡಿ ತಿಳಿಸಿದಾಗ ಸತ್ಯಪ್ರಕಾಶ ಕೆನಡಾದ ಬೋಲ್ಟನ್ನಿನ ಗೋದಾಮಿನಲ್ಲಿ ಊಟದ ಬಿಡುವಿನಲ್ಲಿದ್ದ. ಅಣ್ಣ ದೊಡ್ಡಯ್ಯ ಮೆಲ್ಬರ್ನಿನಲ್ಲಿ ಟ್ರ್ಯಾಮ್ ಓಡಿಸುತ್ತಿದ್ದವನು. ಹಿಂದಿನ ವಾರ ಪಾಳಿ ಮುಗಿಸಿ ಡಿಪೋದಲ್ಲಿ ಶೂ ಬಿಚ್ಚುತ್ತಾ ಕುಳಿತವನು ಹಾಗೇ ಪಕ್ಕಕ್ಕೆ ವಾಲಿದ್ದ. ಅಲ್ಲಿ ಸತ್ತ ದಿನವೇ ಸುಡುವುದಿಲ್ಲ. ಹಾಲ್ ಸಿಗಬೇಕು, ಸರದಿ ಬರಬೇಕು.

"ನೀನು ಬರಕ್ಕಾಗಲ್ಲ ಅಂತ ಗೊತ್ತು ಸತ್ಯ," ಎಂದಳು ಅತ್ತಿಗೆ. "ಆದ್ರೆ ಒಂದೈದು ನಿಮಿಷ ಮಾತಾಡು. ನನ್ನ ಕೈಲಾಗಲ್ಲ. ಸ್ಪಂದನಾಗೆ ಬರೋದು ಅರ್ಧ ಕನ್ನಡ, ಅದೂ ಅಪ್ಪ ಕಲಿಸಿದ ಬೈಗುಳ. ಮಿಕ್ಕೋರೆಲ್ಲ ಡಿಪೋದವರು. ನೀನು ಮಾತಾಡ್ದೆ ಹೋದ್ರೆ ನಿಮ್ಮಣ್ಣ ಒಂದು ಕನ್ನಡದ ಮಾತೂ ಇಲ್ದೆ ಒಳಗೆ ಹೋಗ್ತಾರೆ."

"ಮಾತಾಡ್ತೀನಿ ಅತ್ತಿಗೆ," ಎಂದ ಸತ್ಯ.

ಹೋಗುವ ಹಾಗಿರಲಿಲ್ಲ. ಅವನ ವರ್ಕ್ ಪರ್ಮಿಟ್ಟಿನ ಅವಧಿ ಬೇಸಿಗೆಯಲ್ಲೇ ಮುಗಿದು, ಹೊಸದಕ್ಕೆ ಅರ್ಜಿ ಹಾಕಿ ಕಾಯುತ್ತಿದ್ದ. ಉತ್ತರ ಬರುವವರೆಗೆ ದೇಶದೊಳಗೇ ಇದ್ದರೆ ಕೆಲಸಕ್ಕೆ ಅಡ್ಡಿಯಿಲ್ಲ. ಗಡಿ ದಾಟಿದರೆ ಮತ್ತೆ ಒಳಗೆ ಬಿಡುತ್ತಾರೋ ಇಲ್ಲವೋ, ಬಿಟ್ಟರೂ ಕೆಲಸಕ್ಕೆ ಹೋಗಬಹುದೋ ಇಲ್ಲವೋ, ಯಾರೂ ಖಚಿತವಾಗಿ ಹೇಳಲಿಲ್ಲ. ಖಚಿತವಲ್ಲದ್ದನ್ನು ಮಾಡುವ ಜಾಯಮಾನ ಸತ್ಯನದಲ್ಲ. ಬಾಗಿಲಿಗೆ ಬೀಗ ಹಾಕಿ ಎಳೆದು ನೋಡಿ, ಕಾರಿನವರೆಗೆ ಹೋಗಿ, ಮತ್ತೆ ಬಂದು ಎಳೆದು ನೋಡುವವನು ಅವನು. ಅವನ ಹೆಂಡತಿ ಸುಜಾತಾ ಕಾರಿನಲ್ಲಿ ಕುಳಿತು ಕಾಯುವುದನ್ನು ಮದುವೆಯಾದ ಹೊಸತರಲ್ಲೇ ಕಲಿತಿದ್ದಳು.

ಅತ್ತಿಗೆ ಹೇಳಿದ ಏರ್ಪಾಡು ಸರಳವಾಗಿತ್ತು. ದಹನದ ಹಾಲಿನ ಗೋಡೆಯಲ್ಲಿ ಒಂದು ಕ್ಯಾಮೆರಾ ಇದೆ. ಅದರ ಲಿಂಕ್ ತೆರೆದರೆ ಇಲ್ಲಿ ಕುಳಿತು ನೋಡಬಹುದು. ಅವನ ಸರದಿ ಬಂದಾಗ ಅಣ್ಣನ ಮಗಳು ಸ್ಪಂದನಾ ಅವನಿಗೆ ಫೋನ್ ಮಾಡಿ, ಫೋನನ್ನು ಮೈಕಿಗೆ ಹಿಡಿಯುತ್ತಾಳೆ. ಅವನ ಮಾತೇ ಕೊನೆಯದು. ಅದಾದ ಮೇಲೆ ಪೆಟ್ಟಿಗೆಯ ಮುಂದಿನ ಪರದೆ ಮುಚ್ಚುತ್ತದೆ.

ಮೆಲ್ಬರ್ನಿನ ಹತ್ತು ಗಂಟೆ ಎಂದರೆ ಇಲ್ಲಿ ಎಷ್ಟು ಎಂದು ಸತ್ಯ ಲೆಕ್ಕ ಹಾಕಲಿಲ್ಲ. ಹಾಕಬೇಕೆಂದು ಅನ್ನಿಸಲೂ ಇಲ್ಲ. ಮೇ ತಿಂಗಳಲ್ಲಿ ದೊಡ್ಡಯ್ಯನಿಗೆ ಭಾನುವಾರದ ರಜೆ ಸಿಕ್ಕಾಗಿನಿಂದ ಅವನು ವಾರವಾರವೂ ಫೋನ್ ಮಾಡುತ್ತಿದ್ದ. ಅವನಿಗೆ ಅದು ಭಾನುವಾರದ ಹತ್ತು ಗಂಟೆಯ ಕಾಫಿ, ಸತ್ಯನಿಗೆ ಶನಿವಾರ ಸಂಜೆಯ ಎಂಟು. ಬೇಸಿಗೆಯಿಡೀ ಹಾಗೇ ನಡೆದಿತ್ತು. ಅಲ್ಲಿ ಹತ್ತು ಎಂದರೆ ಇಲ್ಲಿ ಹಿಂದಿನ ಸಂಜೆಯ ಎಂಟು.

ಆ ಫೋನಿನಲ್ಲಿ ವಿಷಯ ಅಂತ ಒಂದಿರುತ್ತಿರಲಿಲ್ಲ. ದೊಡ್ಡಯ್ಯನಿಗೆ ಆಸ್ಟ್ರೇಲಿಯಾದ ಬಗ್ಗೆ ಅಭಿಪ್ರಾಯಗಳಿದ್ದವು, ಅವನ್ನು ಕೇಳಲು ಒಬ್ಬ ತಮ್ಮ ಬೇಕಿತ್ತು, ಅಷ್ಟೆ.

"ಇಲ್ಲಿ ವೋಟ್ ಹಾಕ್ದಿದ್ರೆ ದಂಡ ಕಣೋ. ಹಾಕೋಕೆ ಹೋದ್ರೆ ಸ್ಕೂಲ್ ಅಂಗಳದಲ್ಲಿ ಸಾಸೇಜ್ ಸುಟ್ಟು ಬ್ರೆಡ್ಡಲ್ಲಿಟ್ಟು ಮಾರ್ತಿರ್ತಾರೆ. ನಾನು ಬರೀ ಈರುಳ್ಳಿ ಹಾಕಿಸ್ಕೊಂಡು ತಿಂದೆ. ಪ್ರಜಾಪ್ರಭುತ್ವದ ಪ್ರಸಾದ."

"ಇಲ್ಲಿ ಯಾರೂ ಯಾರಿಗೂ ಸಾರ್ ಅನ್ನಲ್ಲ. ನಮ್ಮ ಮ್ಯಾನೇಜರು ನನ್ನ ಮೇಟ್ ಅಂತಾನೆ. ಕೆಲಸದಿಂದ ತೆಗೆದ್ರೂ ಮೇಟ್ ಅಂತಲೇ ತೆಗೀತಾನೆ."

ಆಗಸ್ಟಿನಲ್ಲೊಮ್ಮೆ ದೇವರ ವಿಷಯ ಬಂದಿತ್ತು. "ಭಾನುವಾರ ಇಲ್ಲಿ ಚರ್ಚಿಗಿಂತ ಹಾರ್ಡ್‌ವೇರ್ ಅಂಗಡಿಗೆ ಜನ ಜಾಸ್ತಿ ಲೇ. ನಂಗೂ ಹಾಗೇ ಆಗ್ಹೋಗಿದೆ. ನಾನು ಸತ್ರೆ ಐನೋರು ಗೀನೋರು ಅಂತ ಹುಡುಕ್ಬೇಡಿ. ನೀನೇ ಬಂದು ನಾಲ್ಕು ಮಾತಾಡು, ಸಾಕು."

"ಒಳ್ಳೆ ಮಾತಾಡು ಮಾರಾಯ, ಇಲ್ಲಿ ಊಟಕ್ಕೆ ಕೂತಿದೀನಿ," ಎಂದು ಸತ್ಯ ರೇಗಿದ್ದ.

ಆ ನಾಲ್ಕು ಮಾತನ್ನು ಈಗ ಅವನು ವಾರವಿಡೀ ಕಾರಿನಲ್ಲಿ ಹೇಳಿ ಹೇಳಿ ಅಭ್ಯಾಸ ಮಾಡಿದ. ವುಡ್‌ಬ್ರಿಡ್ಜಿನಿಂದ ಬೋಲ್ಟನ್ನಿಗೆ ಹೋಗುವ ದಾರಿಯಲ್ಲಿ ಕೆಂಪು ದೀಪ ಬಿದ್ದಾಗಲೆಲ್ಲ ಪಕ್ಕದ ಲಾರಿಯವರು ಅವನ ತುಟಿ ಆಡುವುದನ್ನು ನೋಡುತ್ತಿದ್ದರು. ಬಸ್ಸಿನ ಸೀಟಿನ ಕತೆಯಿಂದ ಶುರುಮಾಡುವುದು ಎಂದು ತೀರ್ಮಾನವಾಗಿತ್ತು. ಸತ್ಯ ಮೈಸೂರು ಬಿಟ್ಟು ಮೊದಲ ಕೆಲಸಕ್ಕೆ ಹೊರಟ ದಿನ ದೊಡ್ಡಯ್ಯ ಅವನಿಗಿಂತ ಮೊದಲೇ ಬಸ್ ಹತ್ತಿ ಕಿಟಕಿಯ ಸೀಟಿನಲ್ಲಿ ಕುಳಿತಿದ್ದ. ತಮ್ಮ ಹೊರಗೆ ನಿಂತು ಟೀ ಕುಡಿದು, ಸಿಗರೇಟು ಸೇದಿ, ಶೌಚಾಲಯಕ್ಕೆ ಹೋಗಿ ಬರುವವರೆಗೂ ಯಾರು ಎಷ್ಟು ಬೈದರೂ ಏಳಲಿಲ್ಲ. ಬಸ್ಸು ಹೊರಟ ಮೇಲೂ ಅದರಲ್ಲೇ ಇದ್ದು, ಮುಂದಿನ ಸರ್ಕಲ್ಲಿನಲ್ಲಿ ಇಳಿದು ನಡೆದು ವಾಪಸು ಹೋದ. ಇಷ್ಟು ಹೇಳಿ, ಆಮೇಲೆ ಟ್ರ್ಯಾಮಿನ ಮಾತು, ಈರುಳ್ಳಿಯ ಮಾತು, ಕೊನೆಗೆ ಹೋಗಿ ಬಾ ಅಣ್ಣ. ಇದು ಸಣ್ಣದಾಯಿತೇ, ಜನ ತಪ್ಪು ತಿಳಿಯುತ್ತಾರೆಯೇ, ಅರ್ಥವಾಗದವರ ಮುಂದೆ ಐದು ನಿಮಿಷ ಹೆಚ್ಚೇ? ಸುಜಾತಾಳನ್ನು ಕೇಳಿದ. ಕೇಳಿದ್ದನ್ನೇ ಮೂರು ಸಲ ಕೇಳಿದ.

"ನಿಮ್ಮಣ್ಣನಿಗೆ ಅರ್ಥ ಆದ್ರೆ ಸಾಕು," ಎಂದಳು ಅವಳು.

ಶುಕ್ರವಾರ ಮಧ್ಯಾಹ್ನವೇ ರಜೆ ಹಾಕಿ ಮನೆಗೆ ಬಂದ. ಥ್ಯಾಂಕ್ಸ್‌ಗಿವಿಂಗಿನ ವಾರಾಂತ್ಯ, ರಸ್ತೆಗಳು ಊರು ಬಿಟ್ಟು ಹೋಗುವ ಕಾರುಗಳಿಂದ ತುಂಬಿದ್ದವು. ಸಾವಿನ ಮನೆಯವರನ್ನು ಒಂಟಿಯಾಗಿ ಬಿಡಬಾರದೆಂದು ಪರಿಚಯದವರು ಬಂದೇ ಬರುತ್ತಾರೆ ಎಂಬುದು ಗೊತ್ತಿತ್ತು. ಆರು ಗಂಟೆಗೆ ನಂಜುಂಡಪ್ಪನವರು, ಅವರ ಹೆಂಡತಿ ಕೋಕಿಲಾ ಎರಿನ್ ಮಿಲ್ಸಿನಿಂದ ಬಂದರು. ಅವರ ಹಿಂದೆಯೇ, ಗೋದಾಮಿನಲ್ಲಿ ಸತ್ಯನ ಜೊತೆ ಕೆಲಸ ಮಾಡುವ ಧೀರಜ್ ಲ್ಯಾಪ್‌ಟಾಪೂ ಟಿವಿಗೆ ಸಿಕ್ಕಿಸುವ ವೈರೂ ಹಿಡಿದುಕೊಂಡು ಬಂದ.

ಕೋಕಿಲಾ ಮೊಸರನ್ನದ ಡಬ್ಬಿ, ಚಪಾತಿಯ ಪೊಟ್ಟಣ ತಂದು ಸುಜಾತಾಳ ಕೈಗಿಟ್ಟರು. ಸೂತಕದ ಮನೆಯಲ್ಲಿ ಕಾಫಿ ಕುಡಿಯಬಾರದು. ಕಾಫಿಯಿಲ್ಲದೆ ಎರಡು ಗಂಟೆ ಕೂರುವುದೂ ಆಗದು. ಅದಕ್ಕೆ ನಂಜುಂಡಪ್ಪನವರು ದಾರಿಯಲ್ಲಿ ಅಂಗಡಿಯಿಂದ ನಲ್ಲಿಯಿರುವ ರಟ್ಟಿನ ಡಬ್ಬಿಯಲ್ಲಿ ಕಾಫಿ ತಂದಿದ್ದರು, ಲೋಟಗಳ ಸಮೇತ.

"ಹೈವೇ ನಾಲ್ಕು ನೂರ ಇಪ್ಪತ್ತೇಳರಲ್ಲಿ ಒಂದು ಗಂಟೆ ನಿಂತಿದೀವಿ ಸತ್ಯ," ಎಂದು ಅವರು ಸೋಫಾದಲ್ಲಿ ಕುಳಿತರು. ಸಾಫ್ಟ್‌ವೇರಿನಲ್ಲಿ ದೊಡ್ಡ ಕೆಲಸದಲ್ಲಿದ್ದ ಅವರು ಕೆನಡಾಕ್ಕೆ ಬರುವ ಮೊದಲು ನಾಲ್ಕು ವರ್ಷ ಬ್ರಿಸ್ಬೇನಿನಲ್ಲಿದ್ದವರು. ಈ ಮನೆಯನ್ನು ಬಾಡಿಗೆಗೆ ಕೊಡಿಸಿದವರೂ ಅವರೇ. "ಬೇಜಾರು ಮಾಡ್ಕೋಬೇಡ. ಎಲ್ಲಾ ಅವನ ಇಚ್ಛೆ. ಎಷ್ಟೊತ್ತಿಗೆ?"

"ಎಂಟಕ್ಕೆ ಸಾರ್. ಅಲ್ಲಿ ಹತ್ತು."

"ಹಾಂ. ಸರಿ ಇದೆ."

ಫೋನಿನಲ್ಲಿ ಚಾರ್ಜು ಕೊನೆಯ ಗೆರೆಗೆ ಬಂದಿರುವುದು ಸತ್ಯನ ಕಣ್ಣಿಗೆ ಬಿತ್ತು. ಮೈಸೂರಿನಿಂದ, ನಂಜನಗೂಡಿನಿಂದ ಬೆಳಿಗ್ಗೆಯಿಂದ ಒಂದೇ ಸಮ ಕರೆಗಳು. ಮಾತಿನ ಮಧ್ಯೆ ಫೋನು ಸತ್ತುಹೋದರೆ? ಅವನು ಅದನ್ನು ಮಲಗುವ ಕೋಣೆಗೆ ಒಯ್ದು, ಸದ್ದು ಆರಿಸಿ, ಚಾರ್ಜಿಗೆ ಹಾಕಿ, ವೈರು ಸರಿಯಾಗಿ ಕೂತಿದೆಯೇ ಎಂದು ಅಲುಗಾಡಿಸಿ ನೋಡಿ, ಬಾಗಿಲು ಮುಂದೆ ಮಾಡಿಕೊಂಡು ಬಂದ. ಏಳೂಮುಕ್ಕಾಲಿಗೆ ತಂದರಾಯಿತು.

ಸಾವಿನ ಬಗ್ಗೆ ಹೆಚ್ಚು ಹೊತ್ತು ಮಾತಾಡಲಾಗುವುದಿಲ್ಲ. ಸತ್ತವನು ಇದ್ದ ದೇಶದ ಬಗ್ಗೆ ಎಷ್ಟು ಹೊತ್ತಾದರೂ ಮಾತಾಡಬಹುದು.

"ಬ್ರಿಸ್ಬೇನಲ್ಲಿ ನಮ್ಮ ಬೀದೀಲಿ ಒಬ್ಬ ಇದ್ದ, ಡಾಕ್ಟ್ರು. ಬರಿಗಾಲಲ್ಲಿ ಸೂಪರ್‌ಮಾರ್ಕೆಟ್ಟಿಗೆ ಬರೋನು. ಡಾಕ್ಟ್ರು ರೀ!" ಎಂದರು ನಂಜುಂಡಪ್ಪ. "ಅಂಥ ದೇಶ ಅದು. ಯಾರಿಗೂ ಯಾರ ಮುಲಾಜೂ ಇಲ್ಲ."

"ನೀವೂ ಒಂದ್ಸಲ ಹಾಗೇ ಹೋಗಿ ಅಂಗಾಲು ಸುಟ್ಕೊಂಡು ಬಂದ್ರಲ್ಲ, ಅದನ್ನೂ ಹೇಳಿ," ಎಂದರು ಕೋಕಿಲಾ.

"ಪರ್ಮನೆಂಟಾಗಿ ಇರೋಕೆ ಪಿಆರ್ ಅಲ್ಲಿ ಈಸಿನಾ ಸಾರ್?" ಎಂದ ಧೀರಜ್, ಟಿವಿಯ ಹಿಂದೆ ಬಗ್ಗಿಕೊಂಡೇ. "ನನ್ನ ಫ್ರೆಂಡ್ ಒಬ್ಬ ತುಂಬಾ ಟಫ್ ಅಂದ."

"ನಿನ್ನ ಫ್ರೆಂಡ್ ಇದಾನಾ ಅಲ್ಲಿ?"

"ಇಲ್ಲ, ಬ್ರಾಂಪ್ಟನ್ನಲ್ಲಿದಾನೆ."

"ಮತ್ತೆ? ನಾನಿದ್ದೆ ಅಲ್ಲಿ. ಇಲ್ಲಿಗಿಂತ ಸಾವಿರ ಪಾಲು ವಾಸಿ. ಪೊಲಿಟಿಕ್ಸ್ ಒಂದು ಬಿಡು, ಅದು ಮ್ಯೂಸಿಕಲ್ ಚೇರ್. ನಾನು ಬಾಡಿಗೆ ಮನೆ ಬದಲಾಯಿಸಿದ್ದಕ್ಕಿಂತ ಜಾಸ್ತಿ ಸಲ ಅವರು ಪ್ರೈಮ್ ಮಿನಿಸ್ಟರ್ ಬದಲಾಯಿಸಿದ್ರು. ಆದ್ರೂ ಬಸ್ಸು ಟೈಮಿಗೆ ಬರೋದು. ಇಲ್ಲಿ ಪ್ರೈಮ್ ಮಿನಿಸ್ಟರ್ ಇರ್ತಾನೆ, ಬಸ್ಸು ಬರಲ್ಲ."

ಧೀರಜ್ ನಕ್ಕು, ಸಾವಿನ ಮನೆ ಎಂದು ನೆನಪಾಗಿ ತುಟಿ ಬಿಗಿಹಿಡಿದ. ಸತ್ಯನಿಗೆ ನಕ್ಕದ್ದು ತಪ್ಪೆನಿಸಲಿಲ್ಲ. ದೊಡ್ಡಯ್ಯ ಇದ್ದಿದ್ದರೆ ಬಸ್ಸಿನ ಬಗ್ಗೆ ಒಂದು ಗಂಟೆ ವಾದ ಮಾಡುತ್ತಿದ್ದ.

"ಪುರೋಹಿತರು ಯಾರು ಅಲ್ಲಿ?" ಎಂದು ಕೇಳಿದರು ನಂಜುಂಡಪ್ಪ.

"ಯಾರೂ ಇಲ್ಲ ಸಾರ್. ಅಣ್ಣ ಬೇಡ ಅಂದಿದ್ದ."

"ಯಾರೂ ಇಲ್ವಾ!" ಅವರು ಕಾಫಿಯ ಲೋಟವನ್ನು ಕೆಳಗಿಟ್ಟರು. "ನೋಡಿದ್ರಾ? ಅದು ಆ ಮಣ್ಣಿನ ಗುಣ. ಹತ್ತು ವರ್ಷ ಇದ್ರೆ ದೇವರು ತಾನಾಗೇ ಉದುರ್ಹೋಗ್ತಾನೆ. ಇನ್ನೇನ್ ಮಾಡ್ತಾರೆ ಗೊತ್ತಾ? ಯಾರೋ ಒಬ್ಳು ಸೂಟ್ ಹಾಕ್ಕೊಂಡ್ಬಂದು ಜೋಕ್ ಹೇಳ್ತಾಳೆ. ಎಲ್ಲಾ ನಗ್ತಾರೆ. ಆಮೇಲೆ ಸ್ಯಾಂಡ್‌ವಿಚ್ ತಿಂದು ಮನೆಗೆ ಹೋಗ್ತಾರೆ. ಆತ್ಮದ ಗತಿ ಏನು?"

"ಅವರವರ ಇಷ್ಟ ಬಿಡಿ ಸಾರ್," ಎಂದಳು ಸುಜಾತಾ, ಅಡುಗೆಮನೆಯ ಬಾಗಿಲಿನಿಂದ.

"ಇಷ್ಟದ ಪ್ರಶ್ನೆ ಅಲ್ಲಮ್ಮ ಇದು."

ಸತ್ಯನ ತಲೆಯಲ್ಲಿ ಬೇರೆಯದೇ ಒಂದು ಹುಳ ಹೊಕ್ಕಿತ್ತು. ಚಳಿಗಾಲಕ್ಕೆಂದು ಮುಂದಿನ ತಿಂಗಳು ಊರಿನ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುವುದನ್ನು ಪಾಳಿಯವರು ನೆನಪಿಡಬೇಕು ಎಂದು ಬೆಳಿಗ್ಗೆ ಗೋದಾಮಿನಲ್ಲಿ ಸೂಪರ್‌ವೈಸರು ಹೇಳಿದ್ದ. ಇಲ್ಲಿ ಗಡಿಯಾರವನ್ನು ಹಿಂದೆ ಮುಂದೆ ಮಾಡುತ್ತಾರೆ ಎಂದಾದರೆ ಅಲ್ಲಿ? ಅಲ್ಲಿಯೂ ಮಾಡುತ್ತಾರೆಯೇ? ಮಾಡುವುದಾದರೆ ಯಾವಾಗ? ಕೈ ತಾನಾಗಿ ಜೇಬಿಗೆ ಹೋಯಿತು. ಫೋನು ಮಲಗುವ ಕೋಣೆಯಲ್ಲಿತ್ತು. ಆರೂವರೆ ದಾಟಿತ್ತು.

"ಸಾರ್, ಅಲ್ಲೂ ಗಡಿಯಾರ ಚೇಂಜ್ ಮಾಡ್ತಾರಾ? ಇಲ್ಲಿ ಮಾಡ್ತಾರಲ್ಲ, ಹಾಗೆ?"

"ಅಯ್ಯೋ, ಅದೆಲ್ಲ ಈ ದೇಶದ ಹುಚ್ಚು," ಎಂದರು ನಂಜುಂಡಪ್ಪ. "ಅಲ್ಲಿ ಮುಟ್ಟಲ್ಲ. ನಾಲ್ಕು ವರ್ಷ ಇದ್ದೆ, ಒಂದು ದಿನ ಮುಟ್ಟಿಲ್ಲ. ಹಿಂದೆ ಒಂದ್ಸಲ ಸರ್ಕಾರ ಬದಲಾಯಿಸ್ತೀವಿ ಅಂತು. ಜನ ಏನ್ ಗಲಾಟೆ ಮಾಡಿದ್ರಂತೆ ಗೊತ್ತಾ? ಹಸುಗಳಿಗೆ ಹಾಲು ಕರೆಯೋ ಹೊತ್ತು ಗೊತ್ತಾಗಲ್ಲ, ಬಿಸಿಲು ಜಾಸ್ತಿಯಾಗಿ ಮನೆ ಕರ್ಟನ್ನಿನ ಬಣ್ಣ ಹೋಗುತ್ತೆ ಅಂತ! ಕೊನೆಗೆ ವೋಟಿಗೆ ಹಾಕಿದ್ರು. ಬೇಡ ಅಂದ್ರು. ಮುಗೀತು."

"ಕರ್ಟನ್ ಬಣ್ಣ!" ಎಂದು ಧೀರಜ್ ಈ ಸಲ ಜೋರಾಗಿಯೇ ನಕ್ಕ.

ಹಸು, ಕರ್ಟನ್ನು, ವೋಟು. ಇಷ್ಟು ವಿವರ ಗೊತ್ತಿರುವವರು ತಪ್ಪು ಹೇಳುವುದುಂಟೇ? ಆದರೂ ಒಂದು ಸಲ ನೋಡಿಬಿಟ್ಟರೆ ಮನಸ್ಸಿಗೆ ಸಮಾಧಾನ. ಸತ್ಯ ಅರ್ಧ ಎದ್ದ.

"ಯಾಕೆ, ನಂಬಿಕೆ ಇಲ್ವಾ ನನ್ನ ಮೇಲೆ?" ಎಂದರು ನಂಜುಂಡಪ್ಪ ನಗುತ್ತಾ. "ಹೋಗು ಹೋಗು, ಗೂಗಲ್ ದೇವರನ್ನ ಕೇಳ್ಕೊಂಡು ಬಾ."

ಅವರು ದೊಡ್ಡವರು. ರಸ್ತೆಯಲ್ಲಿ ಒಂದು ಗಂಟೆ ನಿಂತು ಬಂದವರು. ಅವರು ಹೇಳಿದ ಮಾತನ್ನು ಅವರ ಎದುರಿಗೇ ಫೋನಿನಲ್ಲಿ ಒರೆ ಹಚ್ಚುವುದು ಹೇಗೆ? ಕಪಾಳಕ್ಕೆ ಹೊಡೆದ ಹಾಗಾಗುತ್ತದೆ. "ಛೆ ಛೆ, ಇಲ್ಲ ಸಾರ್, ನೀರು ಕುಡಿಯೋಣ ಅಂತ," ಎಂದು ಅಡುಗೆಮನೆಗೆ ಹೋಗಿ ಬೇಕಿಲ್ಲದ ನೀರು ಕುಡಿದು ಬಂದು ಕುಳಿತ.

ಮಾತು ಹಾವಿಗೆ ಹೋಯಿತು, ಹಾವಿನಿಂದ ಸೈಕಲ್ಲಿನವರ ತಲೆ ಕುಕ್ಕುವ ಹಕ್ಕಿಗೆ, ಹಕ್ಕಿಯಿಂದ ಮಕ್ಕಳಿಗೆ ಸೋಷಿಯಲ್ ಮೀಡಿಯಾ ಕೊಡಬಾರದೆಂಬ ಅಲ್ಲಿಯ ಹೊಸ ಕಾನೂನಿಗೆ. ಅದು ಒಳ್ಳೆಯದೇ ಎಂದರು ಕೋಕಿಲಾ. ಸರ್ಕಾರ ಮನೆಯೊಳಗೆ ಬರಬಾರದು ಎಂದರು ನಂಜುಂಡಪ್ಪ. ನೀವೇ ಇವತ್ತು ಊಟದ ಹೊತ್ತಿಗೆ ಎಷ್ಟು ಸಲ ಫೋನ್ ನೋಡಿದ್ರಿ ಎಂದರು ಕೋಕಿಲಾ. ಹೊರಗೆ ಕತ್ತಲಾಯಿತು. ಸುಜಾತಾ ಎದ್ದು ದೀಪ ಹಾಕಿದಳು. ಸತ್ಯ ಮನಸ್ಸಿನೊಳಗೆ ಬಸ್ ಸ್ಟ್ಯಾಂಡಿನಿಂದ ಶುರುಮಾಡಿ ಈರುಳ್ಳಿಯವರೆಗೆ ಒಂದು ಸಲ ಹೋಗಿ ಬಂದ. ಎಲ್ಲೂ ತಡವರಿಸಲಿಲ್ಲ. ಈ ವಾರದಲ್ಲಿ ಮೊದಲ ಸಲ, ಪರವಾಗಿಲ್ಲ, ಹೇಳಬಲ್ಲೆ ಅನ್ನಿಸಿತು.

"ಓಪನ್ ಮಾಡ್ಲಾ ಸತ್ಯಣ್ಣ?" ಎಂದ ಧೀರಜ್. "ಸ್ವಲ್ಪ ಮುಂಚೇನೇ ಹಾಕ್ಕೊಂಡಿರೋಣ."

ಏಳೂಮುಕ್ಕಾಲಾಗಿತ್ತು. ಧೀರಜ್ ಲಿಂಕ್ ಒತ್ತಿದ. ಟಿವಿಯ ಮೇಲೆ ಒಂದು ಹಾಲ್ ಮೂಡಿತು. ಎರಡು ಕಡೆ ಕುರ್ಚಿಗಳ ಸಾಲು, ನಡುವೆ ನೀಲಿ ಜಮಖಾನೆ, ಎದುರಿಗೆ ಮುಚ್ಚಿದ ಕಂದು ಪರದೆ. ಜನ ಇರಲಿಲ್ಲ. ಕಪ್ಪು ಕೋಟಿನ ಇಬ್ಬರು ಗಂಡಸರು ಕುರ್ಚಿಗಳ ಮೇಲೆ ಬಿದ್ದಿದ್ದ ಕಾಗದಗಳನ್ನು ಆಯುತ್ತಿದ್ದರು.

"ಇನ್ನೂ ಯಾರೂ ಬಂದಿಲ್ಲ," ಎಂದರು ಕೋಕಿಲಾ.

"ರೆಡಿ ಮಾಡ್ತಿದಾರೆ. ನೋಡಿ, ಎಷ್ಟು ನೀಟು," ಎಂದರು ನಂಜುಂಡಪ್ಪ. "ಕೋಟ್ ಹಾಕ್ಕೊಂಡು ಕಸ ತೆಗೀತಿದಾರೆ. ಡಿಗ್ನಿಟಿ ಆಫ್ ಲೇಬರ್ ಅಂದ್ರೆ ಇದು. ನಮ್ಮ ಕಡೆ ಆಗಿದ್ರೆ ಇಷ್ಟೊತ್ತಿಗೆ ನಾಲ್ಕು ಜನ ಜಗಳ ಆಡ್ತಿರ್ತಿದ್ರು."

"ಹಾಲ್ ಚೆನ್ನಾಗಿದೆ ಸಾರ್. ಏಸಿನೂ ಇದೆ ಅನ್ಸುತ್ತೆ."

"ಅಲ್ಲಿ ಇಲ್ದೆ ಆಗಲ್ಲಪ್ಪ."

ಎಲ್ಲರೂ ನೋಡುತ್ತಿದ್ದರು. ಒಬ್ಬ ಆರಿಸಿದ ಕಾಗದಗಳನ್ನು ಚೀಲಕ್ಕೆ ಹಾಕಿದ. ಇನ್ನೊಬ್ಬ ಪರದೆಯ ಪಕ್ಕದ ಚಿಕ್ಕ ಮೇಜಿನ ಬಳಿ ಹೋಗಿ, ಅಲ್ಲಿದ್ದ ಚೌಕಟ್ಟಿನ ಫೋಟೋ ಒಂದನ್ನು ತೆಗೆದು, ಕಂಕುಳಲ್ಲಿ ಸಿಕ್ಕಿಸಿಕೊಂಡು ಕ್ಯಾಮೆರಾದ ಕಡೆಗೇ ನಡೆದು ಬಂದ. ಫೋಟೋ ಅಡ್ಡವಾಗಿತ್ತು. ಟ್ರ್ಯಾಮಿನವರ ಸಮವಸ್ತ್ರ, ದಪ್ಪ ಮೀಸೆ, ನಗು.

ಸತ್ಯ ಎದ್ದು ನಿಂತ.

"ಅದು ಅಣ್ಣ," ಎಂದ. "ಅಣ್ಣನ ಫೋಟೋ ಅದು. ಯಾಕೆ ತೆಗೀತಿದಾರೆ?"

ಆ ಮನುಷ್ಯ ಕ್ಯಾಮೆರಾದ ಕೆಳಗೆ ಹಾದು ಮರೆಯಾದ. ಮತ್ತೊಬ್ಬ ಅದೇ ಮೇಜಿನ ಮೇಲೆ ಬೇರೆ ಫೋಟೋ ತಂದಿಟ್ಟ. ಬೆಳ್ಳಿ ಕೂದಲಿನ ಒಬ್ಬ ಬಿಳಿಯ ಮುದುಕಿ.

"ಧೀರಜ್, ಅಲ್ಲಿ ಈಗ ಗಂಟೆ ಎಷ್ಟು? ನೋಡು."

ಧೀರಜ್ ಲ್ಯಾಪ್‌ಟಾಪಿನಲ್ಲಿ ಒತ್ತಿದ. "ಹತ್ತೂ ಮುಕ್ಕಾಲು ದಾಟಿದೆ ಅಂತ ತೋರಿಸ್ತಿದೆ ಸತ್ಯಣ್ಣ."

"ಅದ್ಹೇಗಾಗುತ್ತೆ? ಸರಿಯಾಗಿ ನೋಡು," ಎಂದರು ನಂಜುಂಡಪ್ಪ.

"ಮೆಲ್ಬರ್ನಲ್ಲಿ ಬೇಸಿಗೆಗೆ ಅಂತ ಹೋದ ಭಾನುವಾರ ಒಂದ್ಗಂಟೆ ಮುಂದಕ್ಕೆ ಇಟ್ಟಿದಾರೆ ಸಾರ್. ಬ್ರಿಸ್ಬೇನಲ್ಲಿ ಇಟ್ಟಿಲ್ಲ. ಅಲ್ಲಿ ಇನ್ನೂ ಹತ್ತಾಗಿಲ್ಲ."

ಸತ್ಯ ಕೋಣೆಗೆ ಓಡಿದ. ಹಿಂದಿನಿಂದ ನಂಜುಂಡಪ್ಪನವರ ಮಾತು ಕೇಳಿಸಿತು: "ಹಾಗಾದ್ರೆ ನಾನು ಹೇಳಿದ್ದು ತಪ್ಪಲ್ಲ. ಬ್ರಿಸ್ಬೇನಲ್ಲಿ ಮುಟ್ಟಲ್ಲ."

ಫೋನು ಪೂರ್ತಿ ಚಾರ್ಜಾಗಿತ್ತು. ಗಾಜಿನ ಮೇಲೆ ಸ್ಪಂದನಾಳ ಹೆಸರು, ಅದರ ಕೆಳಗೆ ಮತ್ತೆ ಸ್ಪಂದನಾಳ ಹೆಸರು, ಮತ್ತೆ ಅದೇ. ವೈರು ಕಿತ್ತು ಅವಳಿಗೆ ಫೋನ್ ಮಾಡಿದ. ಮೊದಲ ರಿಂಗಿಗೇ ಎತ್ತಿದಳು.

"ಚಿಕ್ಕಪ್ಪ? ಆರ್ ಯು ಓಕೆ?"

"ಪುಟ್ಟಿ, ಮುಗೀತಾ?"

"ಯೆಸ್. ವಿ ಕೆಪ್ಟ್ ಕಾಲಿಂಗ್." ಅತ್ತು ಮುಗಿಸಿದವರ ಸ್ವರವಾಗಿತ್ತು ಅದು. "ನಾನು ಮೈಕ್ ಹತ್ರ ಹಿಡ್ಕೊಂಡಿದ್ದೆ. ಇಟ್ ಜಸ್ಟ್ ರ‍್ಯಾಂಗ್ ಅಂಡ್ ರ‍್ಯಾಂಗ್. ಎವ್ರಿವನ್ ವಾಸ್ ಸಿಟ್ಟಿಂಗ್ ದೇರ್ ಲಿಸನಿಂಗ್ ಟು ಇಟ್ ರಿಂಗ್. ದೆನ್ ಆ ಲೇಡಿ ಸೆಡ್ ವಿ ಹ್ಯಾಡ್ ಟು ಕ್ಲೋಸ್. ಅಮ್ಮನಿಗೆ ಕೊಡ್ತೀನಿ."

ಫೋನು ಕೈ ಬದಲಾಯಿತು. ಕಾರಿನ ಬಾಗಿಲು ಮುಚ್ಚಿದ ಸದ್ದು.

"ಸತ್ಯ, ಏನಾಯ್ತೋ? ಎಲ್ಲಾ ಚೆನ್ನಾಗಿದೀರಾ? ನಿಂಗೇ ಏನೋ ಆಗ್ಹೋಗಿದೆ ಅಂತ ನಾನು ಅಲ್ಲಿ ನಿಂತೇ ನಡುಗಿಬಿಟ್ಟೆ."

"ಏನೂ ಆಗಿಲ್ಲ ಅತ್ತಿಗೆ. ನಾನು…"

"ಸರಿ ಬಿಡು. ಕೇಳು, ಕಾರಲ್ಲಿ ಕೂತಿದೀನಿ. ಮುಂದಿನೋರು ಬರ್ತಿದಾರೆ, ಜಾಗ ಬಿಡ್ಬೇಕು. ಎರಡು ನಿಮಿಷ ಇದೆ. ನಿಮ್ಮಣ್ಣ ಇನ್ನೂ ಈ ಗೋಡೆ ಹಿಂದೇನೇ ಇದಾರೆ, ದೂರ ಹೋಗಿಲ್ಲ. ಈಗ್ಲೇ ಹೇಳು. ನಾನು ಗ್ಲಾಸ್ ಇಳಿಸ್ತೀನಿ. ನಾನೂ ಕೇಳ್ತೀನಿ."

ಕಿಟಕಿ ಇಳಿಯುವ ಸದ್ದು ಬಂತು. ಆಮೇಲೆ ಗಾಳಿ, ಎಲ್ಲೋ ಒಂದು ಹಕ್ಕಿ, ಅಲ್ಲಿಯ ಬೆಳಿಗ್ಗೆ.

"ಅತ್ತಿಗೆ, ಅದು ಗಡಿಯಾರದಿಂದ ಆಯ್ತು," ಎಂದ ಸತ್ಯ. "ಅಣ್ಣ ಯಾವಾಗ್ಲೂ ಎಂಟಕ್ಕೆ ಮಾಡ್ತಿದ್ದ. ಅಲ್ಲಿ ಹತ್ತು ಅಂದ್ರೆ ಇಲ್ಲಿ ಎಂಟು ಅಂತಲೇ ನಾನು… ನಂಗೆ ಡೌಟ್ ಬಂತು ಅತ್ತಿಗೆ, ನಿಜವಾಗ್ಲೂ ಬಂತು. ಕೇಳಿದೆ ಕೂಡ. ಒಬ್ಬರು ಹಿರಿಯರಿದ್ರು, ಅಲ್ಲಿ ಚೇಂಜ್ ಮಾಡಲ್ಲ ಅಂದ್ರು. ಅವರು ಬ್ರಿಸ್ಬೇನಲ್ಲಿದ್ದೋರು. ಬ್ರಿಸ್ಬೇನಲ್ಲಿ ಮಾಡಲ್ವಂತೆ, ಮೆಲ್ಬರ್ನಲ್ಲಿ ಮಾಡ್ತಾರಂತೆ. ಹೋದ ಭಾನುವಾರ ಮಾಡಿದಾರೆ. ಫೋನ್ ಚಾರ್ಜಿಗೆ ಹಾಕಿದ್ದೆ, ನಿಮ್ಮ ಹತ್ರ ಮಾತಾಡೋವಾಗ ಕಟ್ಟಾಗ್ಬಾರ್ದು ಅಂತಲೇ ಹಾಕಿದ್ದು. ಸೈಲೆಂಟಲ್ಲಿತ್ತು. ಬೆಳಿಗ್ಗೆಯಿಂದ ಕಾಲ್ ಬರ್ತಾನೇ ಇತ್ತಲ್ಲ ಅದಕ್ಕೆ. ನಾನು ಏಳೂಮುಕ್ಕಾಲಿಗೆ ತರೋಣ ಅಂತ. ಬೇಕು ಅಂತ ಮಾಡಿದ್ದಲ್ಲ ಅತ್ತಿಗೆ. ಹದಿನಾಲ್ಕು ಗಂಟೆ ವ್ಯತ್ಯಾಸ ಇದ್ದದ್ದು ಹದಿನೈದು ಆಗಿದೆ, ಅದು ನಂಗೆ…"

"ಗೊತ್ತಾಯ್ತು ಸತ್ಯ."

"ಒಂದ್ಸಲ ನೋಡ್ಬಿಟ್ಟಿದ್ರೆ ಆಗ್ತಿತ್ತು. ಎದ್ದೂ ಎದ್ದೆ ನಾನು. ಅವರ ಮುಂದೆ ನೋಡಿದ್ರೆ ತಪ್ಪು ತಿಳ್ಕೋತಾರೆ ಅಂತ…"

ಹಿಂದಿನಿಂದ ಯಾರೋ ಹಾರ್ನ್ ಮಾಡಿದರು. ಸ್ಪಂದನಾ ಇಂಗ್ಲಿಷಿನಲ್ಲಿ ಏನೋ ಅಂದಳು. ಕಾರು ಶುರುವಾಯಿತು.

"ಆಯ್ತು ಬಿಡು," ಎಂದಳು ಅತ್ತಿಗೆ. ಸಿಟ್ಟಿರಲಿಲ್ಲ, ಬಹಳ ದಣಿದಿದ್ದಳು. "ಜಾಗ ಬಿಡ್ಬೇಕಂತೆ. ಊಟ ಮಾಡು. ಸುಜಾತಾಗೆ ಹೇಳು."

ಕರೆ ಮುಗಿದ ಮೇಲೂ ಅವನು ಫೋನನ್ನು ಕಿವಿಗೆ ಹಿಡಿದುಕೊಂಡೇ ನಿಂತಿದ್ದ.

ಹೊರಗೆ ಬಂದಾಗ ನಂಜುಂಡಪ್ಪನವರು ಬಾಗಿಲ ಬಳಿ ಬಗ್ಗಿ ಶೂ ಹಾಕಿಕೊಳ್ಳುತ್ತಿದ್ದರು. ಕೋಕಿಲಾ ಕಣ್ಣೊರೆಸಿಕೊಂಡು ಸುಜಾತಾಳ ಭುಜದ ಮೇಲೆ ಕೈಯಿಟ್ಟಿದ್ದರು. ನಂಜುಂಡಪ್ಪನವರು ತಲೆಯೆತ್ತಿ, "ಅದು ಒಂದೊಂದು ಸ್ಟೇಟಿಗೆ ಒಂದೊಂದು ಥರ ಇಟ್ಟಿದಾರೆ ಸತ್ಯ, ತಲೆ ಕೆಟ್ಟ ದೇಶ," ಎಂದರು. ಅವರು ಇನ್ನೇನೋ ಹೇಳಲು ಬಾಯಿ ತೆರೆದು, ಹೆಂಡತಿಯ ಮುಖ ನೋಡಿ, ಶೂವಿನ ಲೇಸು ಬಿಗಿದರು. ಸೂತಕದ ಮನೆಯಿಂದ ಹೊರಡುವಾಗ ಬರ್ತೀವಿ ಅನ್ನಬಾರದು. ಏನೂ ಹೇಳದೆ ಹೊರಡುವುದು ಅವರಿಗೆ ಅದರಿಂದ ಸುಲಭವಾಯಿತು. ಧೀರಜ್ ಲ್ಯಾಪ್‌ಟಾಪ್ ನಾಳೆ ಒಯ್ಯುತ್ತೇನೆಂದು ಸುಜಾತಾಳಿಗೆ ಸನ್ನೆ ಮಾಡಿ ಅವರ ಹಿಂದೆಯೇ ಹೋದ.

ಟಿವಿಯಲ್ಲಿ ಹಾಲ್ ತುಂಬುತ್ತಿತ್ತು. ಹೂವಿನ ಟೋಪಿಯ ಹೆಂಗಸರು, ಇಬ್ಬರು ಮಕ್ಕಳು, ಕೋಲು ಹಿಡಿದ ಒಬ್ಬ ಮುದುಕ. ಎಲ್ಲರೂ ಹೊತ್ತಿಗೆ ಸರಿಯಾಗಿ ಬಂದಿದ್ದರು.

ಸುಜಾತಾ ರಿಮೋಟ್ ಎತ್ತಿಕೊಂಡು ಟಿವಿ ಆರಿಸಿದಳು.

"ಅಕ್ಕ ಎತ್ತಿದ್ರಾ?" ಎಂದು ಕೇಳಿದಳು, ತನ್ನ ಓರಗಿತ್ತಿಯ ಬಗ್ಗೆ.

"ಹೂಂ. ಈಗ್ಲೇ ಹೇಳು, ಅಣ್ಣ ಗೋಡೆ ಹಿಂದೇನೇ ಇದಾನೆ ಅಂದ್ರು. ಕಾರಿನ ಕಿಟಕಿ ಇಳಿಸಿದ್ರು."

"ಸದ್ಯ. ಹೇಳಿದ್ರಲ್ಲ? ಬಸ್ಸಿಂದು ಹೇಳಿದ್ರಾ?"

ಸತ್ಯ ಸೋಫಾದಲ್ಲಿ ಕುಳಿತ. ರಟ್ಟಿನ ಡಬ್ಬಿಯ ಕಾಫಿ ಇನ್ನೂ ಅರ್ಧ ಉಳಿದಿತ್ತು. ಬಸ್ಸು ಸ್ಟ್ಯಾಂಡಿನಿಂದ ಹೊರಟು ಸರ್ಕಲ್ಲಿನ ಕಡೆ ತಿರುಗುವ ಮಾತು ಅವನ ಬಾಯಲ್ಲಿ ಹಾಗೇ ಇತ್ತು, ಒಂದಕ್ಷರ ಕೆಡದೆ.

"ಇಲ್ಲ," ಎಂದ. "ಎರಡು ನಿಮಿಷ ಕೊಟ್ರು. ನಾನು ಗಡಿಯಾರದ ವಿಷಯ ಹೇಳಿದೆ."